ಕರಿಮೆಣಸು ಮುಗಿಯಿತು, ಈಗ ಕೆಂಪು ಮೆಣಸು

1915ರಲ್ಲಿ, ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆ ಸೇರಿದ್ದ ಹಿಂದೂಸ್ತಾನದ ಸಿಪಾಯಿಯೊಬ್ಬ ಊರಿಗೆ ಕಾಗದ ಹಾಕಿದ. ಅದರಲ್ಲಿ ಮೆಣಸಿನ ಸಮಾಚಾರವಿತ್ತು. ಕರಿಮೆಣಸು ಮುಗಿದುಹೋಗಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ, ಆದರೂ ಆಗೊಮ್ಮೆ ಈಗೊಮ್ಮೆ ಕರಿಯದೇ ಬೇಕಾಗುತ್ತದೆ. ಕರಿಯದು ಬಲು ಖಾರ, ಕೆಂಪಿಗೆ ಅಷ್ಟಿಲ್ಲ. ಕರಿಮೆಣಸೆಂದರೆ ಹಿಂದೂಸ್ತಾನದ ಸೈನಿಕರು, ಕೆಂಪು ಎಂದರೆ ಬಿಳಿಯ ಸೈನಿಕರು. ಊರಿನವರಿಗೆ ಇದು ಗೊತ್ತಾಯಿತೋ ಇಲ್ಲವೋ, ನಡುವೆ ಕೂತು ಕಾಗದ ಒಡೆದು ಓದುತ್ತಿದ್ದ ಸರ್ಕಾರಿ ಅಧಿಕಾರಿಗೆ ಮಾತ್ರ ಚೆನ್ನಾಗಿ ಗೊತ್ತಾಯಿತು. ಗೊತ್ತಾದದ್ದರಿಂದಲೇ ಆ ಸಾಲುಗಳು ಉಳಿದವು.

ಮೊದಲ ಮಹಾಯುದ್ಧದ ಸಿಪಾಯಿಗಳ ಬಗ್ಗೆ ಯಾರೇ ಬರೆದರೂ ಈ ಮೆಣಸಿನ ಕಾಗದವನ್ನು ಎತ್ತಿಕೊಳ್ಳುತ್ತಾರೆ. ಜಾಣ ಮಾತು, ನಿಜ. ಆದರೆ ಆ ಯುದ್ಧದ ಕಾಗದಗಳನ್ನು ಓದಬೇಕೆನ್ನುವವರು ಜಾಣ್ಮೆಯಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಮೊದಲು ತಿಳಿಯಬೇಕಾದ್ದು ಒಂದು ಕಾಗದ ಎಷ್ಟು ಕೈ ದಾಟಿ ಬಂತು, ಪ್ರತಿ ಕೈಯೂ ಅದಕ್ಕೆ ಏನು ಮಾಡಿತು ಎನ್ನುವುದು.

ಲಾಹೋರ್ ಡಿವಿಷನ್ನಿನ ಮೊದಲ ತುಕಡಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದದ್ದು 1914ರ ಸೆಪ್ಟೆಂಬರ್ ಕೊನೆಯಲ್ಲಿ. ಹಿಂದೆಯೇ ಮೀರತ್ ಡಿವಿಷನ್ ಬಂತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವರು ಬೆಲ್ಜಿಯಮ್ಮಿನ ಈಪ್ರ್ ಬಳಿಯ ಕಂದಕಗಳಲ್ಲಿದ್ದರು. ಯುದ್ಧ ಮುಗಿಯುವುದರೊಳಗೆ ಕೂಲಿ ದಳಗಳವರೂ ಸೇರಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಭಾರತೀಯರು ಫ್ರಾನ್ಸಿನ ನೆಲ ಮೆಟ್ಟಿದ್ದರು. ಕಾಲ್ದಳದ ಸಿಪಾಯಿಗೆ ತಿಂಗಳ ಸಂಬಳ 11 ರೂಪಾಯಿ. ಹೆಚ್ಚಿನವರು ಪಂಜಾಬ್, ಗಢವಾಲ್, ನೇಪಾಳ, ವಾಯವ್ಯ ಗಡಿನಾಡಿನ ರೈತರ ಮಕ್ಕಳು. ಅವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ.

ಹಾಗಾದರೆ ಬರೆದವರು ಯಾರು? ಪಲ್ಟನ್ನಿನಲ್ಲಿ ಅಕ್ಷರ ಬಲ್ಲವನೊಬ್ಬ ಇರುತ್ತಿದ್ದ. ಜೊತೆಗಾರ ಸಿಪಾಯಿಯೋ ಹವಾಲ್ದಾರನೋ ಆಸ್ಪತ್ರೆಯ ಕಾರಕೂನನೋ. ಸಿಪಾಯಿ ಹೇಳುತ್ತಿದ್ದ, ಅವನು ಬರೆಯುತ್ತಿದ್ದ. ಹೇಳುವುದು ಮನೆಮಾತಿನಲ್ಲಿ, ಬರೆಯುವುದು ಹೆಚ್ಚಾಗಿ ಉರ್ದುವಿನಲ್ಲಿ, ಸಿಖ್ಖರದು ಗುರುಮುಖಿಯಲ್ಲಿ. ಇಲ್ಲಿಯೇ ಮೊದಲ ಪದರ ಕೂರುತ್ತದೆ. ಬರೆಯುವವನ ಹತ್ತಿರ ಸಿದ್ಧ ಒಕ್ಕಣೆ ಇರುತ್ತದೆ. ನಮ್ಮಲ್ಲಿ ‘ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ’ ಎಂದು ಬರೆದು ಉಸಿರು ಬಿಡುತ್ತಿದ್ದರಲ್ಲ, ಹಾಗೆಯೇ. ನಾನು ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ದೇವರಲ್ಲಿ ಬೇಡುತ್ತೇನೆ ಎನ್ನುವ ಸಾಲು ನೂರು ಕಾಗದಗಳಲ್ಲಿ ಒಂದೇ ತೆರನಾಗಿ ಬಂದರೆ ಅದು ನೂರು ಜನ ಕ್ಷೇಮವಾಗಿದ್ದರು ಎನ್ನುವುದಕ್ಕೆ ಸಾಕ್ಷಿಯಲ್ಲ. ಒಬ್ಬನೇ ಬರೆದಿದ್ದಾನೆ ಎನ್ನುವುದಕ್ಕೆ ಇರಬಹುದು. ಬೇರೆಯವನ ಎದುರು ಬಾಯಿಬಿಟ್ಟು ಹೇಳಿ ಬರೆಸುವಾಗ ಹೆಂಡತಿಗೆ ಏನು ಹೇಳಲಾದೀತು, ಅದನ್ನೂ ಯೋಚಿಸಬೇಕು. ಅಪ್ಪನಿಗೆ, ಅಣ್ಣನಿಗೆ, ಭಾವನಿಗೆ ಬರೆದ ಕಾಗದಗಳು ತುಂಬಾ. ಹೆಂಡತಿಗೆಂದೇ ಬರೆದವು ಬಹಳ ಕಡಿಮೆ.

ಬರೆದ ಕಾಗದ ಮೊದಲು ಪಲ್ಟನ್ನಿನ ಬ್ರಿಟಿಷ್ ಅಧಿಕಾರಿಯ ಕೈಗೆ ಹೋಗಬೇಕು. ಊರಿನ ಹೆಸರು, ತುಕಡಿಯ ಸ್ಥಳ, ಸತ್ತವರ ಎಣಿಕೆ, ಮುಂದಿನ ದಾಳಿಯ ಸುದ್ದಿ, ಇಂಥವನ್ನು ಹೊಡೆದುಹಾಕುವುದು ಅವನ ಕೆಲಸ. ಆದರೆ ಅವನಿಗೆ ಬರುವ ಲಿಪಿ ಒಂದೋ ಎರಡೋ, ಅದೂ ಕೈಬರಹದಲ್ಲಿ ಓದಲು ಪರದಾಟ, ಮೇಲೆ ಯುದ್ಧದ ಗಡಿಬಿಡಿ. ಹೀಗಾಗಿ ಈ ಹಂತದ ಜರಡಿಯ ಕಣ್ಣು ಪಲ್ಟನ್ನಿನಿಂದ ಪಲ್ಟನ್ನಿಗೆ ಬೇರೆಬೇರೆ.

ಬ್ರಿಟಿಷ್ ಸೈನ್ಯ ಈ ತಾಪತ್ರಯಕ್ಕೆ ಒಂದು ಅಚ್ಚಾದ ಕಾರ್ಡು ಮಾಡಿಕೊಂಡಿತ್ತು: ಆರ್ಮಿ ಫಾರಂ ಎ 2042. ಅದರಲ್ಲಿ ಸಾಲುಗಳು ಮೊದಲೇ ಇರುತ್ತವೆ. ನಾನು ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ಕಾಯಿಲೆಯಿಂದ ಅಥವಾ ಗಾಯದಿಂದ, ಗುಣವಾಗುತ್ತಿದೆ, ನಿಮ್ಮ ಕಾಗದ, ತಂತಿ, ಪಾರ್ಸೆಲ್ ತಲುಪಿತು, ಬಹಳ ದಿನದಿಂದ ನಿಮ್ಮ ಕಾಗದವಿಲ್ಲ. ಬೇಡದ್ದನ್ನು ಹೊಡೆದು, ಸಹಿ ಮತ್ತು ತಾರೀಖು ಹಾಕಿ ಕಳಿಸುವುದು. ಬೇರೊಂದು ಪದ ಸೇರಿಸಿದರೂ ಕಾರ್ಡನ್ನು ನಾಶಮಾಡಲಾಗುವುದು ಎಂದು ಅದರ ಮೇಲೇ ಅಚ್ಚಾಗಿತ್ತು. ನಾನು ಚೆನ್ನಾಗಿಲ್ಲ ಎನ್ನಲು ಅಲ್ಲಿ ಸಾಲೇ ಇಲ್ಲ. ಆಸ್ಪತ್ರೆ ಸೇರಿದವನೂ ಗುಣವಾಗುತ್ತಲೇ ಇರಬೇಕು. ಇನ್ನೊಂದು ಹಸಿರು ಲಕೋಟೆ: ಒಳಗೆ ಮನೆಯ ಖಾಸಗಿ ವಿಷಯವಷ್ಟೇ ಇದೆ ಎಂದು ಮಾನದ ಮೇಲೆ ಆಣೆಯಿಟ್ಟು ಸಹಿ ಹಾಕಿದರೆ ಪಲ್ಟನ್ನಿನಲ್ಲಿ ಒಡೆಯುತ್ತಿರಲಿಲ್ಲ. ಮುಂಚೂಣಿಯ ಹಿಂದಿನ ನೆಲೆಯಲ್ಲಿ ಒಡೆಯುವ ಹಕ್ಕು ಮಾತ್ರ ಸೈನ್ಯಕ್ಕೆ ಇದ್ದೇ ಇತ್ತು.

ಭಾರತೀಯರ ಟಪಾಲಿಗೆ ಇದೆಲ್ಲದರ ಮೇಲೆ ಇನ್ನೊಂದು ತಪಾಸಣೆ. ಅದು ಶುರುವಾದದ್ದು ಕಾಗದಗಳಿಗಾಗಿ ಅಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆ ಬಯಸಿದ್ದ ಗದರ್ ಪಕ್ಷದವರ ಕರಪತ್ರಗಳು ಅಂಚೆಯ ಮೂಲಕ ಸಿಪಾಯಿಗಳ ಕೈ ಸೇರದಂತೆ, ಒಳಬರುವ ಟಪಾಲಿನ ಮೇಲೆ ಕಣ್ಣಿಡಲು 1914ರ ಕೊನೆಯಲ್ಲಿ ಎವೆಲಿನ್ ಹೊವೆಲ್ ಎಂಬ ಅಧಿಕಾರಿಯನ್ನು ನೇಮಿಸಿದರು. ಗಡಿನಾಡಿನಲ್ಲಿ ಕೆಲಸ ಮಾಡಿ ಅಲ್ಲಿನ ಭಾಷೆ ಬಲ್ಲವನು. ಕಚೇರಿ ಮೊದಲು ಫ್ರಾನ್ಸಿನ ರೂಆನ್‌ನಲ್ಲಿ, ಆಮೇಲೆ ಬೂಲೋನ್‌ನಲ್ಲಿ. ಇಂಗ್ಲೆಂಡಿನ ಆಸ್ಪತ್ರೆಗಳಿಂದ ಹೋಗುತ್ತಿದ್ದ ಕಾಗದಗಳಲ್ಲಿ ಅಳಲು ಹೆಚ್ಚಿದೆ, ಇದು ಹಳ್ಳಿಗಳಲ್ಲಿ ಹರಡಿದರೆ ಭರ್ತಿಗೆ ಯಾರೂ ಬರುವುದಿಲ್ಲ ಎನ್ನುವ ಭಯ ಹುಟ್ಟಿದ ಮೇಲೆ ಹೊರಹೋಗುವ ಟಪಾಲೂ ಅವನ ಮೇಜಿಗೆ ಬರತೊಡಗಿತು. ಭಯಕ್ಕೆ ಕಾರಣವೂ ಇತ್ತು. ಇದು ಯುದ್ಧವಲ್ಲ, ಲೋಕದ ಕೊನೆ, ಮಹಾಭಾರತದಲ್ಲಿ ಹೇಳಿದಂಥದ್ದೇ ನಡೆಯುತ್ತಿದೆ ಎಂದು 1915ರ ಜನವರಿಯಲ್ಲಿ ಒಬ್ಬ ಗಾಯಾಳು ಬರೆಸಿದ್ದ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂದು ನೇರವಾಗಿ ಬರೆದವರೂ ಹಲವರು.

ಈಗ ಲೆಕ್ಕ ಹಾಕೋಣ. 1915ರ ಮಾರ್ಚ್ ಹೊತ್ತಿಗೆ, ನವ್ ಶಪೆಲ್ ಕಾಳಗದ ಆಸುಪಾಸು, ಫ್ರಾನ್ಸಿನಲ್ಲಿದ್ದ ಭಾರತೀಯರು ವಾರಕ್ಕೆ 10,000ದಿಂದ 20,000 ಕಾಗದ ಬರೆಯುತ್ತಿದ್ದರು. ತಪಾಸಣೆಯ ಕಚೇರಿಯಲ್ಲಿದ್ದವರು ಬೆರಳೆಣಿಕೆಯ ಜನ. ಎಂಟು ಜನರೆಂದೇ ಇಟ್ಟುಕೊಳ್ಳಿ, ವಾರಕ್ಕೆ 15,000 ಕಾಗದ, ಆರು ದಿನದ ದುಡಿಮೆ: ತಲೆಗೆ ದಿನಕ್ಕೆ 312 ಕಾಗದ. ಹತ್ತು ಗಂಟೆ ಬಗ್ಗಿ ಕೂತರೂ ಒಂದಕ್ಕೆ ಎರಡು ನಿಮಿಷ ಸಿಗುವುದಿಲ್ಲ. ಉರ್ದು, ಗುರುಮುಖಿ, ಹಿಂದಿ, ಪಷ್ತೋ, ಗೂರ್ಖಾಲಿ, ಒಂದೊಂದರ ಕೈಬರಹವೂ ಒಂದೊಂದು ಥರ. ಹಾಗಾಗಿ ಬಹುಪಾಲು ಕಾಗದ ಯಾರೂ ಓದದೆಯೇ ಹೋಯಿತು. ಸರ್ಕಾರದ ಕಣ್ಣು ಎಲ್ಲವನ್ನೂ ನೋಡುತ್ತಿತ್ತು ಎಂದು ಈಗ ಬರೆಯುವವರು ಈ ಗುಣಾಕಾರ ಭಾಗಾಕಾರ ಮಾಡಿ ನೋಡಿದವರಲ್ಲ.

ಕಾಗದ ತಡೆಯುವುದರಲ್ಲಿ ಹೊವೆಲ್ಲನಿಗೂ ಅಷ್ಟು ನಂಬಿಕೆ ಇರಲಿಲ್ಲ. ಏನನ್ನೂ ಬಾಯಿಬಿಟ್ಟು ಹೇಳದೆ ಎಲ್ಲವನ್ನೂ ತಿಳಿಸುವ ಕಲೆ ಇವರಿಗೆ ಗೊತ್ತು, ತಡೆಗೋಡೆಯಾಗಿ ಇದು ಕೆಲಸ ಮಾಡದು ಎನ್ನುವ ಅರ್ಥದಲ್ಲಿ ಅವನೇ ವರದಿ ಬರೆದ. ಅವನಿಗೆ ಬೇಕಾಗಿದ್ದದ್ದು ಸೈನ್ಯದ ಮನಸ್ಸಿನ ನಾಡಿ. ವಾರಕ್ಕೊಮ್ಮೆ ವರದಿ, ಅದರ ಹಿಂದೆ ಸುಮಾರು ನೂರು ಕಾಗದಗಳಿಂದ ಆಯ್ದ ಭಾಗಗಳ ಇಂಗ್ಲಿಷ್ ಅನುವಾದ. 1915ರ ಆರಂಭದ ಒಂದು ವರದಿಯಲ್ಲಿ ಅವನು ಒಂದು ವಿಚಿತ್ರ ಲಕ್ಷಣ ಗುರುತಿಸುತ್ತಾನೆ: ಸಿಪಾಯಿಗಳು ಕಾಗದದಲ್ಲಿ ಪದ್ಯ ಬರೆಯತೊಡಗಿದ್ದಾರೆ, ಇದು ಮನಸ್ಸಿನ ತಳಮಳದ ಅಪಶಕುನ. ನಗು ಬರುತ್ತದೆ, ಆದರೆ ಅವನು ತಪ್ಪಿರಲಿಲ್ಲ. ಗದ್ಯದಲ್ಲಿ ಹೇಳಿದರೆ ಹೊಡೆದುಹಾಕುತ್ತಾರೆ. ಪದ್ಯವಾದರೆ ಹಳೆಯ ಹಾಡೊಂದನ್ನು ಬರೆದುಕೊಂಡಿದ್ದಾನೆ ಎಂದು ಬಿಟ್ಟಾರು.

ಮೂಲ ಕಾಗದಗಳು ಮುಂದೆ ಟಪಾಲಿನಲ್ಲಿ ಹೋದವು, ಹಳ್ಳಿಗಳಲ್ಲಿ ಮಳೆಗೆ, ಗೆದ್ದಲಿಗೆ, 1947ರ ವಿಭಜನೆಗೆ ಸಿಕ್ಕವು. ಇವತ್ತು ನಮಗಿರುವುದು ಬಹುಮಟ್ಟಿಗೆ ಆ ಇಂಗ್ಲಿಷ್ ಭಾಗಗಳು. ಅಂದರೆ 15,000ದಲ್ಲಿ 100, ಶೇಕಡಾ ಒಂದಕ್ಕಿಂತ ಕಡಿಮೆ, ಅದೂ ಅಧಿಕಾರಿಗೆ ಕುತೂಹಲ ಹುಟ್ಟಿಸಿದವು. ಮಾಮೂಲಿ ಕಾಗದ ವರದಿಗೆ ಹತ್ತುವುದಿಲ್ಲ. ಬೇಸರ, ಬೇಹುಗಾರಿಕೆ, ಬಿಳಿ ಹೆಂಗಸರು, ಧರ್ಮ, ದಂಗೆಯ ವಾಸನೆ ಇದ್ದವು ಹತ್ತುತ್ತವೆ. ಇದನ್ನು ಮರೆತು ಓದಿದರೆ ಎಲ್ಲ ಸಿಪಾಯಿಗಳೂ ಸದಾ ಗೂಢಭಾಷೆಯಲ್ಲೇ ಮಾತಾಡುತ್ತಿದ್ದರು ಅನ್ನಿಸುತ್ತದೆ.

ಗೂಢಭಾಷೆಯನ್ನು ಪತ್ತೆಹಚ್ಚಲು ಒಂದು ಸರಳ ಉಪಾಯವಿದೆ. ಕಾಗದದಲ್ಲಿ ಬೆಳೆ, ದನ, ಹಣ್ಣು, ಮೆಣಸು ಬಂದಾಗ ಅದು ಪ್ರಶ್ನೆಯೋ ಸುದ್ದಿಯೋ ನೋಡಿ. ಗೋಧಿ ಹೇಗೆ ಬಂತು, ಎಮ್ಮೆ ಕರು ಹಾಕಿತೇ, ಆ ಸಾಲಗಾರ ಬಾಕಿ ಕೊಟ್ಟನೇ ಎಂದು ಕೇಳಿದ್ದರೆ ಅದು ನಿಜವಾದ ಗೋಧಿ, ನಿಜವಾದ ಎಮ್ಮೆ. ಫ್ರಾನ್ಸಿನ ಕೆಸರಿನಲ್ಲಿ ಕೂತವನೇ ಫಸಲಿನ ಸುದ್ದಿ ಹೇಳತೊಡಗಿದರೆ ಅವನ ಕೈಯಲ್ಲಿ ಯಾವ ಹೊಲವಿದೆ? ಅಲ್ಲಿ ಕೊಯ್ಲಾಗುತ್ತಿರುವವರು ಮನುಷ್ಯರು. ಹಣ್ಣು ಬಹಳ ಚೆನ್ನಾಗಿದೆ ಎಂದರೆ ಹೆಂಗಸರ ಮಾತು. ಇದರ ಜೊತೆ ‘ಇದನ್ನು ಚೆನ್ನಾಗಿ ಯೋಚಿಸಿ ಅರ್ಥಮಾಡಿಕೋ’ ಎನ್ನುವ ಸಾಲೊಂದು ಅಂಟಿಕೊಂಡಿದ್ದರೆ ಅನುಮಾನವೇ ಬೇಡ. ಅಷ್ಟು ಬರೆದ ಕೂಡಲೇ ಅದು ಊರಿನವನಿಗೆ ಎಷ್ಟು ಸೂಚನೆಯೋ ಸೆನ್ಸಾರಿಗೂ ಅಷ್ಟೇ ಸೂಚನೆ. ಗುಟ್ಟು ಕೆಟ್ಟದ್ದು ಹೆಚ್ಚಾಗಿ ಇಲ್ಲಿಯೇ.

ಪಾರ್ಸೆಲ್ಲುಗಳ ಕಥೆ ಬೇರೆ. ಊರಿನಿಂದ ತಿಂಡಿ, ಬಟ್ಟೆ ಬರುತ್ತಿತ್ತು, ಅಫೀಮೂ ಬರುತ್ತಿತ್ತು. ಕೆಲವರು ಬರೆದು ತರಿಸಿಕೊಳ್ಳಲು ನೋಡಿದ್ದು ಕರಿಗೇರು, ನಮ್ಮ ಕಡೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಅದೇ ಕಾಯಿ. ಅದರ ಸೊನೆ ತಾಗಿದಲ್ಲಿ ಚರ್ಮ ಬೊಬ್ಬೆಯೇಳುತ್ತದೆ, ಗಾಯ ಬೇಗ ಮಾಯುವುದಿಲ್ಲ. ಮತ್ತೆ ಕಂದಕಕ್ಕೆ ಹೋಗುವುದು ತಪ್ಪಿದರೆ ಸಾಕು ಎನ್ನುವವನಿಗೆ ಅಷ್ಟೇ ಬೇಕಿತ್ತು. ಇದನ್ನು ಹೇಡಿತನವೆಂದು ಬರೆಯುವವರು ಒಂದು ಸಂಗತಿ ಗಮನಿಸಲಿ: ಗಾಯ ವಾಸಿಯಾದ ಸಿಪಾಯಿಯನ್ನು ಮತ್ತೆ ಮುಂಚೂಣಿಗೇ ಕಳಿಸುತ್ತಿದ್ದರು, ಒಮ್ಮೆ ರಕ್ತ ಸುರಿಸಿದರೆ ಋಣ ತೀರಿತು ಎಂದುಕೊಂಡವರಿಗೆ ಅದು ನಂಬಿಕೆದ್ರೋಹದಂತೆ ಕಂಡಿತು. ಕಾಗದಗಳಲ್ಲಿ ಈ ದೂರು ಮತ್ತೆ ಮತ್ತೆ ಬರುತ್ತದೆ, ಅದರಲ್ಲಿ ಯಾವ ಮೆಣಸೂ ಇಲ್ಲ, ನೇರ ಮಾತು.

ಸಿಪಾಯಿಯ ಮಾಮೂಲಿ ಕಾಗದಕ್ಕೆ ಅಂಚೆವೆಚ್ಚ ಇರಲಿಲ್ಲ. ಹಿಂದೂಸ್ತಾನದ ಅಂಚೆಚೀಟಿಯ ಮೇಲೆ ಐ.ಇ.ಎಫ್. (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್, ಹೊರದೇಶಕ್ಕೆ ಹೋದ ಭಾರತೀಯ ಸೈನ್ಯ) ಎಂದು ಅಚ್ಚೊತ್ತಿದ, ಮೂರು ಪೈಯಿಂದ ಒಂದು ರೂಪಾಯಿವರೆಗಿನ ಚೀಟಿಗಳು 1914ರಲ್ಲೇ ಬಂದವು. ಅವು ರಿಜಿಸ್ಟರು, ಪಾರ್ಸೆಲ್ಲಿನಂಥ ಕೆಲಸಕ್ಕೆ. ಹೀಗಾಗಿ ಚೀಟಿ ಅಂಟಿಸಿದ ಅಂದದ ಲಕೋಟೆಯನ್ನು ಯಾರಾದರೂ ಸಿಪಾಯಿಯ ಮನೆಗಾಗದವೆಂದು ಮಾರಲು ತಂದರೆ ಒಮ್ಮೆ ನಿಧಾನಿಸಿ. ಠಸ್ಸೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮಾತ್ರ ಇರುತ್ತದೆ, ಊರಿನ ಹೆಸರಿರುವುದಿಲ್ಲ. ಸೈನ್ಯ ಸರಿದಂತೆ ಆಫೀಸೂ ಅದೇ ಸಂಖ್ಯೆ ಹೊತ್ತು ಸರಿಯುತ್ತಿತ್ತು. ಆದ್ದರಿಂದ ಸಂಖ್ಯೆಯೊಂದೇ ಸಾಲದು, ತಾರೀಖಿನ ಜೊತೆ ಓದಬೇಕು, ಆ ದಿನ ಆ ಪಲ್ಟನ್ ಎಲ್ಲಿತ್ತು ಎಂದು ಅದರ ಯುದ್ಧ ದಿನಚರಿಯಲ್ಲಿ ನೋಡಬೇಕು.

ಮಾರ್ಸೇಲ್ಸ್‌ನಿಂದ ಪೋರ್ಟ್ ಸೈದ್, ಸೂಯೆಜ್, ಏಡನ್ ದಾಟಿ ಬೊಂಬಾಯಿ, ಅಲ್ಲಿಂದ ರೈಲು, ಆಮೇಲೆ ಹಳ್ಳಿಯ ಅಂಚೆಯವನ ಕಾಲು. ಎಲ್ಲ ಸರಿಯಾದರೆ ಮೂರು ನಾಲ್ಕು ವಾರ. ಜಲಾಂತರ್ಗಾಮಿಗಳ ಕಾಟ ಬೇರೆ: ಮಾರ್ಸೇಲ್ಸ್ ಬಿಟ್ಟು ಬೊಂಬಾಯಿಗೆ ಹೊರಟಿದ್ದ ‘ಪರ್ಷಿಯಾ’ ಹಡಗನ್ನು 1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಹತ್ತಿರ ಜರ್ಮನ್ನರು ಮುಳುಗಿಸಿದರು. ಹೋಗಿಬರುವ ಹೊತ್ತು ಕೂಡಿಸಿದರೆ ಕೇಳಿದ ಪ್ರಶ್ನೆಗೆ ಉತ್ತರ ಬರಲು ಎರಡು ತಿಂಗಳು. ಕಾಗದಗಳನ್ನು ಒಂದರ ಮುಂದೊಂದು ಜೋಡಿಸಿ ಓದುವವರು ಇಲ್ಲಿ ಎಡವುತ್ತಾರೆ. ಮೇ ತಿಂಗಳ ಕಾಗದದಲ್ಲಿ ಮಗ ಸಿಟ್ಟಾಗಿದ್ದರೆ ಅದು ಮೇ ತಿಂಗಳ ಮನೆಗಾಗದಕ್ಕೆ ಅಲ್ಲ, ಏಪ್ರಿಲ್‌ನದೋ ಅದಕ್ಕೂ ಹಿಂದಿನದೋ ಇರಬೇಕು. ಈ ನಡುವೆ ಮನೆಯವರು ಇನ್ನೂ ಮೂರು ಕಾಗದ ಹಾಕಿರುತ್ತಾರೆ, ಜಗಳ ಆಗಲೇ ಮುಗಿದಿರುತ್ತದೆ. ‘ನೀವು ಕಾಗದವನ್ನೇ ಹಾಕುವುದಿಲ್ಲ’ ಎನ್ನುವ ದೂರು ಎರಡೂ ಕಡೆಯಿಂದ ಒಂದೇ ವಾರ ಹೊರಟು ನಡುಸಮುದ್ರದಲ್ಲಿ ಹಾದುಹೋಗುತ್ತಿತ್ತು. ಸಾವಿನ ಸುದ್ದಿ ಪಲ್ಟನ್ನಿನ ಡಿಪೋ ಮೂಲಕ ಬೇಗ ಬಂದು, ಸತ್ತವನ ‘ನಾನು ಕ್ಷೇಮ’ ಆಮೇಲೆ ಬರುವಷ್ಟು ವಿಳಂಬ ಇದು.

ಹಳ್ಳಿಯಲ್ಲೂ ಓದುವವನು ಬೇರೆಯವನೇ. ಶಾಲೆಯ ಮಾಸ್ತರ, ಅಂಚೆಯವನು, ಇಲ್ಲವೇ ಊರಲ್ಲಿ ಅಕ್ಷರ ಬಲ್ಲ ಯಾರೋ. ಸುತ್ತ ನಾಲ್ಕು ಮನೆಯವರು ಕೂತಿರುತ್ತಾರೆ, ಅವರ ಮಕ್ಕಳೂ ಅದೇ ಪಲ್ಟನ್ನಿನಲ್ಲಿರುತ್ತಾರೆ. ಬರೆಸುವವನಿಗೆ ಇದು ಗೊತ್ತು. ಆದ್ದರಿಂದಲೇ ಇಂಥವನು ಚೆನ್ನಾಗಿದ್ದಾನೆ, ಇಂಥವನು ಸಿಕ್ಕಿದ್ದ ಎಂಬ ಹೆಸರುಗಳ ಪಟ್ಟಿ ಕಾಗದದ ಕೊನೆಗೆ ಉದ್ದ ಬೆಳೆಯುತ್ತದೆ. ಅನುವಾದಕರು ಬೇಸರದಿಂದ ಬಿಟ್ಟದ್ದು ಹೆಚ್ಚಾಗಿ ಇದನ್ನೇ. ಆದರೆ ಆ ದಿನ ಹಳ್ಳಿಯವರು ಕಾದು ಕೂತದ್ದು ಪಟ್ಟಿಗಾಗಿ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮನೆಯವರಿಗೆ ಬೇರೆ ವಿವರ ಬೇಕಿರಲಿಲ್ಲ.

ಯುದ್ಧವನ್ನು ಬಣ್ಣಿಸುವ ಸಾಲುಗಳಿಗಿಂತ ಮನೆವಾರ್ತೆಯ ಸಾಲುಗಳನ್ನೇ ನಾವು ಹೆಚ್ಚು ನಂಬಬೇಕು. ಯುದ್ಧದ ಸಾಲಿಗೆ ಸೆನ್ಸಾರಿನ ಹೆದರಿಕೆ, ಬರೆಯುವವನ ಅಲಂಕಾರ, ಊರಿನೆದುರು ಪೌರುಷ, ಮೂರೂ ಸೇರಿರುತ್ತವೆ. ಜಮೀನಿನ ದಾವೆಗೆ ವಕೀಲನನ್ನು ಇಡಿ, ತಂಗಿಯ ಮದುವೆ ನಾನು ಬರುವವರೆಗೆ ತಡೆಯಿರಿ, ಕಳಿಸಿದ ಹಣ ತಲುಪಿದ್ದಕ್ಕೆ ಬರೆಯಿರಿ ಎನ್ನುವಾಗ ಯಾರಿಗೂ ಸುಳ್ಳು ಹೇಳುವ ಅಗತ್ಯವಿಲ್ಲ. ದೊಡ್ಡ ಬದಲಾವಣೆಗಳೂ ಇಲ್ಲಿಯೇ ಕಾಣುತ್ತವೆ. ಫ್ರಾನ್ಸಿನ ಹಳ್ಳಿಗಳಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಹೆಂಗಸರೇ ಉಳುವುದು, ವ್ಯವಹಾರ ನೋಡುವುದು, ಲೆಕ್ಕ ಬರೆಯುವುದನ್ನು ಕಂಡ ಪಂಜಾಬಿನ ಸಿಪಾಯಿಗಳು ಮನೆಯ ಹೆಣ್ಣುಮಕ್ಕಳನ್ನು ಶಾಲೆಗೆ ಹಾಕಿ ಎಂದು ಬರೆಸಿದರು. ಭಾಷಣದಂತಲ್ಲ, ಗೊಬ್ಬರ ಹಾಕಿಸಿ ಎಂದಂತೆ.

ಕನ್ನಡನಾಡಿನವರ ಕಾಗದ ಇದರಲ್ಲಿ ಸಿಗುತ್ತದೆಯೇ ಎಂದು ಕೇಳುವವರಿಗೆ: ಮೈಸೂರು ಸಂಸ್ಥಾನದ ಕುದುರೆ ಸವಾರರ ಪಡೆ ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋಗಲಿಲ್ಲ. ಈಜಿಪ್ಟ್, ಆಮೇಲೆ ಪ್ಯಾಲೆಸ್ತೀನ್, 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗ. ಅವರ ಟಪಾಲಿನ ದಾರಿಯೇ ಬೇರೆ, ಬೂಲೋನ್ ಕಡತದಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಆ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಎಲ್/ಎಂಐಎಲ್/5/825ರಿಂದ 828ರವರೆಗೆ. ಪ್ರತಿ ಭಾಗದ ತಲೆಯಲ್ಲಿ ಕಳಿಸಿದವನು, ಅವನ ಜಾತಿ ಅಥವಾ ಧರ್ಮ, ಪಲ್ಟನ್, ಯಾರಿಗೆ, ಯಾವ ಜಿಲ್ಲೆಗೆ, ಮೂಲ ಭಾಷೆ, ತಾರೀಖು ಇರುತ್ತದೆ. ಅಲ್ಲಿಂದಲೇ ಓದಲು ಶುರುಮಾಡಬೇಕು. ತಾರೀಖು ಕಾಗದದ್ದೋ ವರದಿಯದ್ದೋ ಬೇರ್ಪಡಿಸಿ. ಎರಡಕ್ಕೂ ವಾರಗಳ ಅಂತರವಿರಬಹುದು. 1915ರ ಕೊನೆಗೆ ಕಾಲ್ದಳದ ಡಿವಿಷನ್ನುಗಳು ಮೆಸಪೊಟೇಮಿಯಾಕ್ಕೆ ಹೊರಟವು. ಆಮೇಲಿನ ಕಾಗದಗಳು ಬಹುಪಾಲು ಕುದುರೆ ಸವಾರರವು, ಅವರ ಕಷ್ಟಸುಖ ಕಂದಕದವನದಕ್ಕಿಂತ ಬೇರೆ. ಹೆಸರುಗಳ ಕಾಗುಣಿತವನ್ನು ನೆಚ್ಚಬೇಡಿ. ಉರ್ದುವಿನಿಂದ ಇಂಗ್ಲಿಷಿಗೆ ಬಂದಾಗ ಸ್ವರಗಳು ಹಾರಿಹೋಗಿ ಒಂದೇ ಹಳ್ಳಿ ಮೂರು ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಜಿಲ್ಲೆಯನ್ನು ಹಿಡಿದು, ಪಲ್ಟನ್ನಿನ ಜೊತೆ ತಾಳೆ ನೋಡಿ. ಪಂಜಾಬಿನವರಾದರೆ ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ ಊರುವಾರು ಸೈನಿಕರ ರಿಜಿಸ್ಟರುಗಳಿವೆ, ಸುಮಾರು 3,20,000 ಜನರ ವಿವರ. ಅದನ್ನು 2021ರಿಂದ ಅಂತರ್ಜಾಲಕ್ಕೆ ಹಾಕತೊಡಗಿದರು, ಮೊದಲು ಬಂದದ್ದು ಜಲಂಧರ್, ಲೂಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳು. ಕಾಗದದ ಜಿಲ್ಲೆ ಈ ಮೂರರಲ್ಲೊಂದಾದರೆ ಹೆಸರಿನಿಂದ ಹುಡುಕಬೇಡಿ, ಅದೇ ಹೆಸರಿನವರು ನೂರಾರು ಸಿಗುತ್ತಾರೆ. ಊರು ಮತ್ತು ಪಲ್ಟನ್ ಎರಡನ್ನೂ ಹಾಕಿ.